ಹಗ್ಗ ಎಳೆಯುವ ಮುಂಚೆ: ಹಳೆಯ ಚೈನ್ ಸಾ ಬಗ್ಗೆ ಓದುಗರ ಪ್ರಶ್ನೆಗಳು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ನನ್ನ ವರ್ಕ್‌ಶಾಪ್. ಸ್ಕೂಟರ್ ರಿಪೇರಿಯಿಂದ ಶುರು ಮಾಡಿದವನು, ಈಗ 31 ವರ್ಷದಿಂದ ಮರ ಕುಯ್ಯುವ ಮಷೀನುಗಳದ್ದೇ ಕೆಲಸ. ಹಳೆಯದೊಂದು ಬಂತೆಂದರೆ ಆ ದಿನ ಬೇರೆ ಯಾವುದನ್ನೂ ಮುಟ್ಟಲು ಮನಸ್ಸಾಗುವುದಿಲ್ಲ. ಒಳಗಿನ ಕಪಾಟಿನಲ್ಲಿ ನನ್ನವೇ 14 ಇವೆ. ಅದರಲ್ಲಿ 11 ಇವತ್ತಿಗೂ ಸ್ಟಾರ್ಟ್ ಆಗುತ್ತವೆ. ಪತ್ರಿಕೆಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ನನಗೆ ತಿಳಿದಷ್ಟು ಬರೆದಿದ್ದೇನೆ.

ಪ್ರಶ್ನೆ: ಅಜ್ಜನ ಕಾಲದ, ಸ್ಟಿಲ್ ಕಂಪನಿಯ 070 ಚೈನ್ ಸಾ ಅಟ್ಟದ ಮೇಲೆ ಸಿಕ್ಕಿತು. ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದರೆ ಸ್ಟಾರ್ಟ್ ಆಗಬಹುದೇ? — ಓದುಗರು, ಕೊಪ್ಪ

ಉತ್ತರ: ಆಗಬಹುದು. ಆದರೆ ಹಾಗೆ ಸ್ಟಾರ್ಟ್ ಆದ ಮಷೀನು ಎರಡೇ ನಿಮಿಷದಲ್ಲಿ ಪಿಸ್ಟನ್ ಸೀಜ್ ಆಗಿ (ಸಿಲಿಂಡರಿಗೆ ಕಚ್ಚಿಕೊಂಡು) ನಿಂತದ್ದನ್ನೂ ನೋಡಿದ್ದೇನೆ. ದಯವಿಟ್ಟು ಹಗ್ಗಕ್ಕೆ ಈಗಲೇ ಕೈ ಹಾಕಬೇಡಿ.

ಕಾರಣ ಇಷ್ಟೇ. ಇದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿನ ಜೊತೆ ಬೆರೆತು ಬರುವ ಎಣ್ಣೆಯೇ ಕ್ರ್ಯಾಂಕು, ಬೇರಿಂಗು, ಪಿಸ್ಟನ್ ಎಲ್ಲಕ್ಕೂ ಆಗಬೇಕು. ಇಪ್ಪತ್ತು ವರ್ಷ ಸುಮ್ಮನಿದ್ದರೆ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಗಟ್ಟಿಯಾಗಿ, ಅಂಚಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಜಾಸ್ತಿಯಾದಷ್ಟೂ ಪೆಟ್ರೋಲ್ ಕಮ್ಮಿ, ಪೆಟ್ರೋಲ್ ಕಮ್ಮಿಯಾದಷ್ಟೂ ಎಣ್ಣೆ ಕಮ್ಮಿ. ಬಿಸಿ ಮಾತ್ರ ಏರುತ್ತಲೇ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಮಷೀನು ತಾನಾಗಿ ರೇಸ್ ಆಗುತ್ತಿದೆ ಎಂದರೆ ಇದೇ ತೊಂದರೆ ಎಂದು ತಿಳಿದು ತಕ್ಷಣ ಆಫ್ ಮಾಡಬೇಕು.

ಮೊದಲು ಸೈಲೆನ್ಸರ್ ಬಿಚ್ಚಿ. ನಮ್ಮ ಕಡೆ ಅಟ್ಟದಲ್ಲಿಟ್ಟ ಮಷೀನಿನ ಸೈಲೆನ್ಸರಿನೊಳಗೆ ಕುಂಬಾರ ಹುಳ ಗೂಡು ಕಟ್ಟಿರುವುದು ಹೊಸದೇನಲ್ಲ. ಕಳೆದ ವರ್ಷ ಒಂದರಲ್ಲಿ ಮುಷ್ಟಿ ತುಂಬ ಮಣ್ಣು ತೆಗೆದೆ. ಅದರ ಒಂದು ಹರಳು ಸಿಲಿಂಡರಿಗೆ ಬಿದ್ದರೂ ಗೀರು ಖಂಡಿತ. ಸೈಲೆನ್ಸರ್ ತೆಗೆದಾಗ ಕಾಣುವ ತೂತಿಗೆ ಟಾರ್ಚ್ ಹಿಡಿದರೆ ಪಿಸ್ಟನ್ನಿನ ಮುಖ ಕಾಣುತ್ತದೆ. ಅಡ್ಡಡ್ಡಕ್ಕೆ ಸಣ್ಣ ಗೆರೆ ಕಂಡರೆ ಅದು ಕಾರ್ಖಾನೆಯಲ್ಲಿ ಲೇತಿನಿಂದ ಬಂದದ್ದು, ಒಳ್ಳೆಯ ಲಕ್ಷಣ. ಮೇಲಿಂದ ಕೆಳಗೆ ಉಗುರಲ್ಲಿ ಪರಚಿದಂತೆ ಕಂಡರೆ ಹಿಂದೊಮ್ಮೆ ಎಣ್ಣೆಯಿಲ್ಲದೆ ಓಡಿದೆ ಎಂದು ಲೆಕ್ಕ.

ಪಿಸ್ಟನ್ ಚೆನ್ನಾಗಿದ್ದರೆ ಪ್ಲಗ್ ತೆಗೆದು ಒಂದು ಚಮಚ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಬಿಟ್ಟು, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಡೀಸೆಲ್ಲೂ ಟೂಟಿ ಆಯಿಲ್ಲೂ ಅರ್ಧರ್ಧ ಬೆರೆಸಿ ಪ್ಲಗ್ಗಿನ ತೂತಿನಿಂದ ಬಿಟ್ಟು ನಾಲ್ಕು ದಿನ ಹಾಗೇ ಬಿಡಿ. ಮರದ ಕೊಡತಿಯಿಂದಲೂ ಬಡಿಯಬೇಡಿ.

ಇನ್ನು ಕಿಡಿ. ಹಳೆಯ 070 ಆದರೆ ಸಿಬಿ ಪಾಯಿಂಟ್ (ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಎರಡು ಲೋಹದ ತುದಿ) ಇರಬಹುದು. ಪಾಯಿಂಟ್ ಕೆಲಸವಿಲ್ಲದೆ ಕೂತರೆ ಅದರ ಮುಖದ ಮೇಲೆ ಬೂದಿ ಬಣ್ಣದ ತೆಳು ಪೊರೆ ಕಟ್ಟುತ್ತದೆ. ಕಿಡಿ ಬರುತ್ತಿಲ್ಲ ಎಂದು ಜನ ಕಾಯಿಲ್ ಬದಲಿಸಲು ಹೊರಡುತ್ತಾರೆ, ಎಷ್ಟೋ ಸಲ ತಪ್ಪೆಲ್ಲ ಆ ಪೊರೆಯದು. ನಯವಾದ ಅರದಿಂದ ಎರಡು ಸಲ ಎಳೆದು, ಆಮೇಲೆ ಮದುವೆ ಕಾಗದದ ತುಂಡೊಂದನ್ನು ನಡುವೆ ಇಟ್ಟು ಎಳೆದು ಒರೆಸಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೂ ಒರೆಸಬೇಕು. ಗ್ಯಾಪ್ 0.35ರಿಂದ 0.4 ಮಿ.ಮೀ. ಇರಲಿ. ಫ್ಲೈವೀಲ್ ತೆಗೆಯಲು ಪುಲ್ಲರ್ ಬಳಸಿ. ರೆಕ್ಕೆಗೆ ಸುತ್ತಿಗೆ ಬಿದ್ದರೆ ಮುರಿಯುತ್ತದೆ, ಬೆಸೆದರೂ ತೂಕ ಸಮ ಬರುವುದಿಲ್ಲ.

ಕೊನೆಗೆ ಕಾರ್ಬೊರೇಟರ್. ಒಳಗಿನ ಡಯಾಫ್ರಮ್ (ಪೆಟ್ರೋಲನ್ನು ಅಳೆದು ಬಿಡುವ ತೆಳು ಪೊರೆ) ಹೊಸದಾದರೆ ಬೆರಳಿನ ತುದಿಗೆ ರೇಷ್ಮೆಯಂತೆ ಬಾಗುತ್ತದೆ. ನಿಮ್ಮದರಲ್ಲಿ ಇರುವುದು ಹಪ್ಪಳದಂತೆ ಸದ್ದು ಮಾಡುತ್ತದೆ, ನೋಡಿ. ಅದನ್ನೂ ಪೆಟ್ರೋಲ್ ಪೈಪನ್ನೂ ಎರಡು ಆಯಿಲ್ ಸೀಲನ್ನೂ ಕೇಳದೆ ಬದಲಿಸಿ. ಪೆಟ್ರೋಲ್ ಎಷ್ಟು ಹೋಗಬೇಕೆಂದು ಹೊಂದಿಸುವ ಎಚ್ ಮತ್ತು ಎಲ್ ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೊಂದು ಸುತ್ತು ತೆರೆಯಿರಿ. ಇಷ್ಟಾದ ಮೇಲೆ ಹಗ್ಗ ಎಳೆಯಿರಿ.

ಅಂದಹಾಗೆ ನಿಮ್ಮ ಕೈಯಲ್ಲಿರುವುದು ಸಣ್ಣ ವಸ್ತುವಲ್ಲ. ಆಂಡ್ರಿಯಾಸ್ ಸ್ಟಿಲ್ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 1926ರಲ್ಲಿ ಶುರು ಮಾಡಿದಾಗ ತಯಾರಿಸಿದ್ದು ಕರೆಂಟಿನ ಗರಗಸ. ಅವರ ಮೊದಲ ಪೆಟ್ರೋಲ್ ಮಷೀನು ಬಂದದ್ದು 1929ರಲ್ಲಿ, ತೂಕ 46 ಕೆ.ಜಿ., ಹಿಡಿಯಲು ಇಬ್ಬರು ಬೇಕು. 1959ರಲ್ಲಿ ಬಂದ ಕಾಂಟ್ರಾದಲ್ಲಿ ಗೇರ್‌ಬಾಕ್ಸ್ ಇಲ್ಲ, ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ಬದಲು ಡಯಾಫ್ರಮ್ ಇತ್ತು. ಹಾಗಾಗಿ ಅಡ್ಡ ಹಿಡಿದರೂ ತಲೆಕೆಳಗು ಹಿಡಿದರೂ ನಿಲ್ಲದೆ ಓಡುತ್ತಿತ್ತು. ನಿಮ್ಮ 070 ಅದೇ ವಂಶದ್ದು: 58 ಮಿ.ಮೀ. ಬೋರು, 40 ಮಿ.ಮೀ. ಸ್ಟ್ರೋಕ್, 106 ಸಿಸಿ.

ಪ್ರಶ್ನೆ: ಕ್ಲಚ್ ಬಿಚ್ಚಲು ಎಷ್ಟು ಬಲ ಹಾಕಿದರೂ ಬರುತ್ತಿಲ್ಲ. ಪಿಸ್ಟನ್ ತಡೆಯಲು ಪ್ಲಗ್ಗಿನ ತೂತಿಗೆ ಸ್ಕ್ರೂಡ್ರೈವರ್ ಇಟ್ಟಿದ್ದೇನೆ. — ಓದುಗರು, ಸಾಗರ

ಉತ್ತರ: ಸ್ಕ್ರೂಡ್ರೈವರನ್ನು ಈಗಲೇ ತೆಗೆಯಿರಿ, ಪಿಸ್ಟನ್ನಿನ ನೆತ್ತಿ ತೂತಾಗುತ್ತದೆ. ಬದಲಿಗೆ ಸ್ಟಾರ್ಟರ್ ಹಗ್ಗದಷ್ಟು ದಪ್ಪದ ನೈಲಾನ್ ಹಗ್ಗವನ್ನು ಒಂದೆರಡು ಅಡಿ ತೂತಿನೊಳಗೆ ತುರುಕಿ, ತುದಿ ಹೊರಗಿರಲಿ. ಪಿಸ್ಟನ್ ಮೇಲೆ ಬಂದು ಹಗ್ಗದ ಮೆತ್ತೆಗೆ ಒತ್ತಿ ನಿಲ್ಲುತ್ತದೆ. ಬಹುತೇಕ ಚೈನ್ ಸಾಗಳಲ್ಲಿ ಕ್ಲಚ್ಚಿನದು ಉಲ್ಟಾ ಥ್ರೆಡ್. ನೀವು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದಿರಬೇಕು. ಮೇಲೆ ಬಾಣದ ಗುರುತು ಇದೆಯೇ ಎಂದು ಒರೆಸಿ ನೋಡಿ, ಇದ್ದರೆ ಆ ಕಡೆಗೇ ತಿರುಗಿಸಿ.

ಪ್ರಶ್ನೆ: ಹಳೆಯ ಮಷೀನಿನ ಮೇಲೆ ಎಣ್ಣೆ 1:16 ಹಾಕಬೇಕೆಂದು ಬರೆದಿದೆ. ಅಂಗಡಿಯವರು 1:50 ಅನ್ನುತ್ತಾರೆ. ಜೊತೆಗೆ ಈಗ ಬಂಕಿನಲ್ಲಿ ಬರುವುದು ಎಥನಾಲ್ ಬೆರೆತ ಇ20. ಏನು ಮಾಡಲಿ? — ಓದುಗರು, ಯಲ್ಲಾಪುರ

ಉತ್ತರ: 1:16 ಎಂದು ಬರೆದ ಕಾಲದಲ್ಲಿ ಸಿಗುತ್ತಿದ್ದುದು ಆಗಿನ ಸಾದಾ ಎಣ್ಣೆ. ಈಗಿನ ಒಳ್ಳೆಯ ಟೂಟಿ ಆಯಿಲ್ಲನ್ನು ಅಷ್ಟು ಸುರಿದರೆ ಪ್ಲಗ್ ಒದ್ದೆಯಾಗಿ, ಸೈಲೆನ್ಸರ್ ತುಂಬ ಮಸಿ ಕಟ್ಟುತ್ತದೆ. 1:50 ಈಗಿನ ಮಷೀನು, ಈಗಿನ ಎಣ್ಣೆಗೆ ಸರಿ. ನಾನು ಹಳೆಯವಕ್ಕೆ 1:25 ಹಾಕುತ್ತೇನೆ, ಅಂದರೆ ಲೀಟರಿಗೆ 40 ಮಿ.ಲೀ. ಸ್ವಲ್ಪ ಹೊಗೆ ಬರುತ್ತದೆ, ಬರಲಿ. ಮೀನುಗಾರಿಕೆ ದೋಣಿಯ ಟೂಟಿ ಆಯಿಲ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದು ನೀರಿನಿಂದ ತಣಿಯುವ ಇಂಜಿನ್ನಿನದು, ನಮ್ಮದು ಗಾಳಿಯಿಂದ ತಣಿಯುವುದು. ಈ ಬಿಸಿಗೆ ಅದು ತಡೆಯುವುದಿಲ್ಲ.

ಇ20ಯದು ಎರಡು ತೊಂದರೆ. ಹಳೆಯ ರಬ್ಬರನ್ನು ಉಬ್ಬಿಸುತ್ತದೆ ಅಥವಾ ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನು ತಿಂಗಳುಗಟ್ಟಲೆ ಕೂತರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನಲ್ಲಿ ಪೆಟ್ರೋಲ್ ಹೀರುವ ಫಿಲ್ಟರ್ ಇರುವುದೂ ತಳದಲ್ಲೇ. ಮೊದಲು ಇಂಜಿನ್ನಿಗೆ ಹೋಗುವುದು ಆ ಎಣ್ಣೆಯಿಲ್ಲದ ಮಿಶ್ರಣ. ಆದ್ದರಿಂದ ಬೇಕಾದ ದಿನ ಬೇಕಾದಷ್ಟೇ ಕಲಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೂ ಓಡಿಸಿ. ಡಯಾಫ್ರಮ್, ಪೈಪು ಬದಲಿಸುವಾಗ ಎಥನಾಲ್ ತಡೆಯುವಂಥದ್ದೇ ಕೊಡಿ ಎಂದು ಕೇಳಿ ತನ್ನಿ.

ಪ್ರಶ್ನೆ: ನಾನು ಶಿವಮೊಗ್ಗದವನು, ಈಗ ಅಮೆರಿಕದ ಪೋರ್ಟ್‌ಲೆಂಡಿನಲ್ಲಿದ್ದೇನೆ. ಇಲ್ಲಿ ಒಬ್ಬರು ಮನೆಯ ಹಳೇ ಸಾಮಾನು ಮಾರುತ್ತಿದ್ದಾಗ ಮೆಕ್‌ಕಲಕ್ 3-25 ಎಂಬ ಚೈನ್ ಸಾ ಕೊಂಡೆ. ಇದರ ಚೈನಿನ ಹಲ್ಲು ಈಗಿನವುಗಳಂತಿಲ್ಲ, ಕೈಗರಗಸದಂತೆ ನೆಟ್ಟಗೆ ನಿಂತ ಮೊನೆಗಳು. ಕಿತ್ತು ಹೊಸ ಚೈನು ಹಾಕಲೇ? — ಓದುಗರು, ಪೋರ್ಟ್‌ಲೆಂಡ್

ಉತ್ತರ: ಆ ಚೈನನ್ನು ಎಸೆಯಬೇಡಿ! ಮಷೀನಿಗಿಂತ ಅದೇ ಅಪರೂಪ. ನೀವು ಇರುವ ಊರಿಗೂ ಅದಕ್ಕೂ ನೇರ ಸಂಬಂಧವಿದೆ.

ಮೊದಲಿನ ಚೈನುಗಳೆಲ್ಲ ಗರಗಸದ ಹಲ್ಲನ್ನೇ ಕೊಂಡಿಗೆ ಕೂರಿಸಿದಂಥವು. ಒಂದು ಮೊನೆ ಎಡಕ್ಕೆ ಗೀರುತ್ತದೆ, ಒಂದು ಬಲಕ್ಕೆ ಗೀರುತ್ತದೆ, ನಡುವಿನದು ಪುಡಿಯನ್ನು ಎಳೆದು ಹಾಕುತ್ತದೆ. ಬೇಗ ಮೊಂಡಾಗುತ್ತಿತ್ತು, ಅರ ಹಾಕಲು ಪಳಗಿದ ಕೈ ಬೇಕಿತ್ತು. 1946ರಲ್ಲಿ ಜೋಸೆಫ್ ಬ್ಯೂಫರ್ಡ್ ಕಾಕ್ಸ್ ಎಂಬ ಮರ ಕುಯ್ಯುವ ಕೆಲಸಗಾರ ನಿಮ್ಮ ಒರೆಗಾನ್ ರಾಜ್ಯದ ಕಾಡಿನಲ್ಲಿ ಸೌದೆ ಒಡೆಯುತ್ತಿದ್ದಾಗ, ಮರದ ಬುಡದೊಳಗೆ ಒಂದು ಜೀರುಂಡೆಯ ಮರಿಹುಳ ಕೊರೆಯುತ್ತಿರುವುದನ್ನು ಕಂಡರು. ತೋರುಬೆರಳಿನ ಗಾತ್ರದ ಹುಳ, ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ತಿನ್ನುತ್ತಿತ್ತು. ಕಾಕ್ಸ್ ಕೂತು ಅದರ ದವಡೆ ನೋಡಿದರು: ಬಾಗಿದ ಎರಡು ಅಲಗು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿ, 1947ರಲ್ಲಿ ಪೋರ್ಟ್‌ಲೆಂಡಿನ ತಮ್ಮ ಮನೆಯ ನೆಲಮಾಳಿಗೆಯಿಂದ ಮಾರಲು ತೊಡಗಿದರು. ಇವತ್ತು ನನ್ನ ಅಂಗಡಿಯಲ್ಲಿ ತೂಗುಹಾಕಿರುವ ಚೈನುಗಳ ಹಲ್ಲೆಲ್ಲ ಅದರ ಸಂತಾನವೇ. ಬಡಗಿ ಉಜ್ಜುಗೊರಡು ಹಾಕಿದಾಗ ಸುರುಳಿ ಏಳುವಂತೆ ಇದು ಚಕ್ಕೆ ಏಳಿಸುತ್ತದೆ. ಚೈನು ಹರಿತವಿದೆಯೇ ಎಂದು ನೋಡಲು ನಾನು ಮೊದಲು ನೆಲದ ಮೇಲೆ ಬಿದ್ದದ್ದನ್ನೇ ನೋಡುವುದು. ಚಕ್ಕೆ ಬಿದ್ದಿದ್ದರೆ ಸರಿ, ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಅರ ಹಾಕಬೇಕು.

ಕಾಫಿ ಬೆಳೆಗಾರರಿಗೆ ಆ ಹುಳದ ನೆಂಟ ಚೆನ್ನಾಗಿ ಗೊತ್ತು. ನಮ್ಮ ಅರೇಬಿಕಾ ಗಿಡ ಒಣಗಿಸುವ ಬಿಳಿ ಕಾಂಡಕೊರಕವೂ ಉದ್ದ ಮೀಸೆಯ ಅದೇ ಜೀರುಂಡೆ ಕುಟುಂಬದ್ದು.

3-25 ಬಂದದ್ದು 1949ರಲ್ಲಿ. ತೂಕ 25 ಪೌಂಡ್, ನಮ್ಮ ಲೆಕ್ಕದಲ್ಲಿ 11 ಕೆ.ಜಿ. ಮೇಲೆ ಸ್ವಲ್ಪ. ಒಬ್ಬನೇ ಹೊತ್ತು ಕಾಡಿಗೆ ಹೋಗಬಹುದಾದದ್ದು ಆ ಕಾಲಕ್ಕೆ ದೊಡ್ಡ ಮಾತು. ಎರಡೂ ಬಗೆಯ ಚೈನು ಬಳಕೆಯಲ್ಲಿದ್ದ ಕಾಲ ಅದು, ಹಾಗಾಗಿ ನಿಮ್ಮದು ಮೊದಲಿಂದ ಇದ್ದದ್ದೇ ಇರಬಹುದು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಕೊಂಡಿ ಕೊಂಡಿ ಬಿಡಿಸಿ, ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿಡಿ. ಓಡಿಸಲು ಬೇರೆ ಚೈನು ತನ್ನಿ. ಪಿಚ್ (ಕೊಂಡಿಗಳ ಅಂತರ) ಅಳೆದು ತನ್ನಿ, ಹಳೆಯವಕ್ಕೆ ಅರ್ಧ ಇಂಚಿನದೂ ಇರುತ್ತಿತ್ತು. ಈಗಿನ 3/8 ಇಂಚಿನ ಚೈನು ಅದರ ಸ್ಪ್ರಾಕೆಟ್ (ಚೈನು ಎಳೆಯುವ ಹಲ್ಲುಚಕ್ರ) ಮೇಲೆ ಕೂರುವುದಿಲ್ಲ. ಈ ಕಂಪನಿಯ ರಾಬರ್ಟ್ ಮೆಕ್‌ಕಲಕ್ ಮುಂದೆ 1968ರಲ್ಲಿ ಲಂಡನ್ನಿನ ಹಳೆಯ ಲಂಡನ್ ಬ್ರಿಜ್ಜನ್ನೇ ಕೊಂಡು ಅರಿಜೋನಾದ ಲೇಕ್ ಹವಾಸು ಸಿಟಿಯಲ್ಲಿ ಮರಳಿ ಕಟ್ಟಿಸಿದವರು. ಆ ಕಡೆ ಹೋದರೆ ನನ್ನ ಲೆಕ್ಕದಲ್ಲೂ ಒಮ್ಮೆ ನೋಡಿ ಬನ್ನಿ.

ಪ್ರಶ್ನೆ: ಹಳೆಯ ಮಷೀನನ್ನು ಹಿತ್ತಾಳೆ ಪಾತ್ರೆ ಬೆಳಗುವಂತೆ ಹುಣಸೆಹುಳಿ ಹಚ್ಚಿ ತಿಕ್ಕಿದೆ. ನೊರೆ ಎದ್ದಿತು, ಜಾಗ ಕಪ್ಪಾಯಿತು. ಪೂರ್ತಿ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಪೇಂಟ್ ಹೊಡೆಸಲೇ? — ಓದುಗರು, ಸಿರ್ಸಿ

ಉತ್ತರ: ಈಗಲೇ ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗಿಡಿ, ಉಳಿದದ್ದು ಆಮೇಲೆ ಓದಿ.

ಅನೇಕ ಚೈನ್ ಸಾಗಳ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು, ತೂಕ ಇಳಿಸಲೆಂದು. ನೋಡಲು ಅಲ್ಯುಮಿನಿಯಂ ಥರವೇ ಕಾಣುತ್ತದೆ. ಆದರೆ ಹುಳಿ ತಾಗಿದರೆ ಲೋಹವೇ ಕರಗಿ ಗುಳ್ಳೆ ಏಳುತ್ತದೆ. ನೀವು ಕಂಡ ನೊರೆ ಅದೇ. ಹುಣಸೆ, ನಿಂಬೆ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೂ ಬೇಡ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ಸಿಲಿಂಡರನ್ನೂ ಪಿಸ್ಟನ್ನನ್ನೂ ತಿನ್ನುತ್ತದೆ, ಅದೂ ಬೇಡ. ಸೀಮೆಎಣ್ಣೆ, ಹಲ್ಲುಜ್ಜುವ ಹಳೇ ಬ್ರಷ್, ಸಂದಿಗೆ ಬಿದಿರಿನ ಕಡ್ಡಿ. ಎಷ್ಟೋ ವರ್ಷದ ಮರದ ಪುಡಿ ಎಣ್ಣೆ ಕುಡಿದು ಬೆಲ್ಲದ ಪಾಕದಂತೆ ಅಂಟಿರುತ್ತದೆ, ಕಡ್ಡಿಗೆ ಬಿಲ್ಲೆ ಬಿಲ್ಲೆಯಾಗಿ ಏಳುತ್ತದೆ. ಎರಡು ದಿನದ ಕೆಲಸ. ಮೆಗ್ನೀಸಿಯಂಗೆ ಅರ ಹಾಕಿದರೆ ಪುಡಿಯನ್ನು ಆಗಾಗ ಗುಡಿಸಿ ತೆಗೆಯಿರಿ, ಹತ್ತಿರ ಒಣ ಮರಳಿರಲಿ. ಆ ಪುಡಿಗೆ ಬೆಂಕಿ ತಾಗಿದರೆ ನೀರು ಹಾಕಬಾರದು, ಉರಿ ಇನ್ನೂ ಹೆಚ್ಚುತ್ತದೆ.

ಪೇಂಟಿನ ವಿಷಯ. ಹತ್ತು ಹನ್ನೆರಡು ವರ್ಷದ ಹಿಂದೆ ಬಾಳೆಹೊನ್ನೂರು ಕಡೆಯ ಒಂದು ತೋಟದ ಮಷೀನು ನನ್ನ ಹತ್ತಿರ ಬಂತು. ಇಂಜಿನ್ ಸರಿ ಮಾಡಿ, ಒಳ್ಳೆಯದಾಗಲಿ ಎಂದು ಬ್ಲಾಸ್ಟಿಂಗಿಗೆ ಕಳಿಸಿ ಬಣ್ಣ ಹೊಡೆಸಿದೆ. ಹೊಸದರ ಹಾಗೆ ಹೊಳೆಯುತ್ತಿತ್ತು. ಯಜಮಾನರ ಮಗ ಬಂದವರು ಮಷೀನನ್ನು ಓರೆ ಮಾಡಿ, ಹಿಂದಿನ ಹಿಡಿಯ ಪಕ್ಕ ಬೆರಳಾಡಿಸಿ ಏನೋ ಹುಡುಕಿದರು. ಅವರ ತಂದೆ ಉಳಿ ಹಿಡಿದು ಚುಕ್ಕೆ ಚುಕ್ಕೆಯಾಗಿ ಹೊಡೆದ ತೋಟದ ಹೆಸರಿನ ಮೂರು ಅಕ್ಷರ ಅಲ್ಲಿದ್ದವಂತೆ. ಬ್ಲಾಸ್ಟಿಂಗಿನಲ್ಲಿ ಸವೆದು ಹೋಗಿದ್ದವು. ಅವರು ಬೈಯಲಿಲ್ಲ, ಹಣ ಕೊಟ್ಟು ಹೋದರು. ಕಳಿಸುವ ಮುಂಚೆ ಮೈಯೆಲ್ಲ ಒರೆಸಿ ನೋಡಬೇಕಿದ್ದವನು ನಾನು. ಅವತ್ತಿನಿಂದ ಯಾವ ಮಷೀನು ಬಂದರೂ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರೂ ಕಡೆಯಿಂದ ಫೋಟೋ ತೆಗೆದುಕೊಳ್ಳುತ್ತೇನೆ.

ಹಾಗಾಗಿ ನನ್ನ ಅಭಿಪ್ರಾಯ ಇದು: ತುಕ್ಕು ಹಿಡಿದು ಲೋಹ ಹಾಳಾಗುತ್ತಿದ್ದರೆ ಆ ಜಾಗಕ್ಕೆ ಮಾತ್ರ ಪ್ರೈಮರ್, ಬಣ್ಣ. ಕೈ ತಾಗಿ ತಾಗಿ ಬಣ್ಣ ಹೋದ ಹಿಡಿ, ಅರ್ಧ ಹರಿದ ಸ್ಟಿಕ್ಕರ್, ನಂಬರ್ ತಗಡು ಇವೆಲ್ಲ ಇದ್ದ ಹಾಗೇ ಇರಲಿ.

ಪ್ರಶ್ನೆ: 070ಗೆ ಡೂಪ್ಲಿಕೇಟ್ ಸಿಲಿಂಡರ್, ಪಿಸ್ಟನ್ ಸೆಟ್ ಅಗ್ಗವಾಗಿ ಸಿಗುತ್ತದೆ. ಹಾಕಬಹುದೇ? — ಓದುಗರು, ಮೂಡಿಗೆರೆ

ಉತ್ತರ: ಹಾಕುವ ಮುಂಚೆ ಹಳೆಯ ಸಿಲಿಂಡರ್ ನಿಜವಾಗಿ ಹೋಗಿದೆಯೇ ನೋಡಿ. ಗೀರು ಎಂದು ಕಾಣುವುದು ಎಷ್ಟೋ ಸಲ ಪಿಸ್ಟನ್ನಿನ ಅಲ್ಯುಮಿನಿಯಂ ಗೋಡೆಗೆ ಮೆತ್ತಿಕೊಂಡದ್ದು. ನಯವಾದ ಎಮರಿ ಪೇಪರಿನಿಂದ ತಾಳ್ಮೆಯಿಂದ ತಿಕ್ಕಿದರೆ ಕೆಳಗಿನ ಕ್ರೋಮ್ ಹಾಗೇ ಇರುತ್ತದೆ. ತಿಕ್ಕಿದ ಮೇಲೂ ಉಗುರು ಸಿಕ್ಕಿಕೊಂಡರೆ ಮಾತ್ರ ಬದಲಿಸಿ. ಡೂಪ್ಲಿಕೇಟ್ ಹಾಕುವುದಾದರೆ ಒಳಗಿನ ಪೋರ್ಟುಗಳ ಅಂಚು ಬೆರಳಿಗೆ ಹರಿತವಾಗಿ ತಾಗುತ್ತದೆಯೇ ನೋಡಿ. ತಾಗಿದರೆ ಅಂಚು ಸ್ವಲ್ಪ ಮುರಿಸಿ, ಇಲ್ಲದಿದ್ದರೆ ರಿಂಗ್ ಸಿಕ್ಕಿ ತುಂಡಾಗುತ್ತದೆ. 090 ನೋಡಲು ಅಣ್ಣತಮ್ಮನಂತಿದ್ದರೂ ಅದರ ಬೋರು 66 ಮಿ.ಮೀ., ಅಳತೆ ಹೇಳಿಯೇ ತರಿಸಿ. ತೆಗೆದ ಹಳೆಯ ಭಾಗಗಳನ್ನು ಡಬ್ಬದಲ್ಲಿ ಹಾಕಿ ಮಷೀನಿನ ಜೊತೆಗೇ ಇಡಿ.

ಪ್ರಶ್ನೆ: ಅಣ್ಣಾ, ನನಗೆ 19 ವರ್ಷ. ಸರಿ ಮಾಡಿದ ಹಳೆಯ ಮಷೀನಿನಲ್ಲಿ ತೋಟದ ಸಿಲ್ವರ್ ಮರ ನಾನೇ ಕಡಿಯಬೇಕೆಂದು ಆಸೆ. — ಓದುಗ, ಸೋಮವಾರಪೇಟೆ

ಉತ್ತರ: ಬೇಡ ತಮ್ಮಾ. ಚೈನ್ ಬ್ರೇಕ್ ಬಂದದ್ದೇ 1970ರ ದಶಕದ ಮೊದಲಲ್ಲಿ. ನಿನ್ನ ಮಷೀನಿನಲ್ಲಿ ಅದು ಇಲ್ಲ. ಬಾರಿನ (ಚೈನು ಸುತ್ತ ಓಡುವ ಉದ್ದ ಪಟ್ಟಿ) ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಇಡೀ ಮಷೀನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಹಾರುತ್ತದೆ. ಬ್ರೇಕ್ ಇದ್ದರೆ ಚೈನು ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಓಡುವ ಚೈನು ಮೈಮೇಲೆ. ಹಿಡಿಗೆ ರಬ್ಬರ್ ಬುಷ್ಷೂ ಇಲ್ಲ, ಅದುರು ನೇರ ಕೈಗೆ. ವರ್ಷಗಟ್ಟಲೆ ಹಾಗೆ ಕೆಲಸ ಮಾಡಿದವರ ಬೆರಳು ಚಳಿಯಲ್ಲಿ ಸುಣ್ಣದಂತೆ ಬಿಳಿಯಾಗಿ ಜೋಮು ಹಿಡಿಯುವುದನ್ನು ಕಂಡಿದ್ದೇನೆ. ನನ್ನ ಗುರುಗಳಿಗೆ ಕೊನೆಕೊನೆಗೆ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಮರ ಕಡಿಯುವುದಕ್ಕೆ ಬ್ರೇಕ್ ಇರುವ ಈಗಿನ ಮಷೀನು, ಅದೂ ಪಳಗಿದವರ ಜೊತೆ ನಿಂತು ಕಲಿ. ಹಳೆಯದರ ಆಸೆಗೆ, ನೆಲದ ಮೇಲೆ ಅಲುಗಾಡದಂತೆ ಕಟ್ಟಿದ ದಿಮ್ಮಿಯಲ್ಲಿ ಬಾರಿನ ನಡುಭಾಗದಿಂದ ಒಂದೆರಡು ಬಿಲ್ಲೆ ಕೊಯ್ಯಿ. ಕನ್ನಡಕ, ಕಿವಿಗೆ ಮಫ್, ಗಟ್ಟಿ ಬೂಟು ಇರಲಿ, ಪಕ್ಕದಲ್ಲಿ ಒಬ್ಬರು ದೊಡ್ಡವರೂ ಇರಲಿ.

ಪ್ರಶ್ನೆ: ನಮ್ಮ ತಂದೆ ಮರ ಕುಯ್ಯುವ ಕೆಲಸದವರು, ತೀರಿಕೊಂಡು ಎರಡು ವರ್ಷವಾಯಿತು. ಅವರ ಮಷೀನು ಈಗಲೂ ಸ್ಟಾರ್ಟ್ ಆಗುತ್ತದೆ. ಮಾರುವ ಮನಸ್ಸಿಲ್ಲ, ವರ್ಷಕ್ಕೊಮ್ಮೆ ಆ ಶಬ್ದ ಕೇಳಿದರೆ ಸಾಕು. ಹೇಗೆ ಇಡಲಿ? — ಓದುಗರು, ಸುಳ್ಯ

ಉತ್ತರ: ಇಟ್ಟುಕೊಳ್ಳಿ ತಂಗಿ, ಅದಕ್ಕಿಂತ ಒಳ್ಳೆಯ ಜಾಗ ಆ ಮಷೀನಿಗೆ ಇಲ್ಲ. ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲ್ ತೀರಿ ನಿಲ್ಲುವವರೆಗೂ ಓಡಿಸಿ. ತಣಿದ ಮೇಲೆ ಪ್ಲಗ್ ತೆಗೆದು ಒಂದು ಚಮಚ ಟೂಟಿ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು ಪ್ಲಗ್ ಮತ್ತೆ ಹಾಕಿ. ಚೈನನ್ನೂ ಬಾರನ್ನೂ ಬಿಚ್ಚಿ ಎಣ್ಣೆ ಹಚ್ಚಿ ಬೇರೆ ಇಡಿ. ಸುಟ್ಟ ಇಂಜಿನ್ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಕುಂಬಾರ ಹುಳ ಬಾರದಂತೆ. ಅದು ಕಾಣುವ ಹಾಗೆ ಒಂದು ಕೆಂಪು ತುಂಡು ಹೊರಗೆ ಬಿಡಿ, ಸ್ಟಾರ್ಟ್ ಮಾಡುವ ದಿನ ಮರೆಯಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿ, ಮಣ್ಣಿನ ನೆಲದಿಂದ ಮೇಲೆ, ಹೊಗೆ ತಾಗದ ಕಡೆ ಇಡಿ.

ಓಡಿಸುವ ದಿನ ಮಳೆ ಕಳೆದು ಬಿಸಿಲು ಬಂದ ಮೇಲೆ, ದೀಪಾವಳಿಯ ಆಸುಪಾಸು ಇರಲಿ. ಕಾಲು ಲೀಟರ್ ಹೊಸ ಮಿಶ್ರಣ ಸಾಕು, ಬಾರು ಹಾಕುವುದೂ ಬೇಡ. ಮುಂದಿನ ಹಿಡಿಯನ್ನು ಎಡಗೈಯಲ್ಲಿ ನೆಲಕ್ಕೆ ಒತ್ತಿ, ಹಿಂದಿನ ಹಿಡಿಗೆ ಪಾದ ಕೊಟ್ಟು ಎಳೆಯಿರಿ. ತಂದೆಯವರ ಜೊತೆ ಕೆಲಸ ಮಾಡಿದವರು ಯಾರಾದರೂ ಊರಲ್ಲಿದ್ದರೆ ಅವತ್ತು ಕರೆಯಿರಿ. ಆ ಮಷೀನಿಗೆ ಚೋಕ್ ಎಷ್ಟು ಕೊಡಬೇಕು, ಎಷ್ಟನೇ ಎಳೆತಕ್ಕೆ ತೆಗೆಯಬೇಕು ಎನ್ನುವುದು ಅವರ ಕೈಗೆ ಗೊತ್ತಿರುತ್ತದೆ. ಕೇಳಿ ಬರೆದಿಟ್ಟುಕೊಳ್ಳಿ.